ಕಾಯುವ ಪದಾರ್ಥ

ನಮ್ಮೂರಿನ ದರ್ಜಿ ಒಂದು ರವಿಕೆ ಹೊಲಿಯಲು ಐದು ತಿಂಗಳು ತೆಗೆದುಕೊಳ್ಳುತ್ತಾನೆ. ಅವನ ಅಂಗಡಿಯ ಮುಂದೆ ಯಾವಾಗ ನೋಡಿದರೂ ಜನ. ಬೇಗ ಹೊಲಿದುಕೊಡುವ ಇನ್ನೊಬ್ಬನಿದ್ದ, ಪಾಪ, ಗಿರಾಕಿಯಿಲ್ಲದೆ ಅಂಗಡಿ ಮುಚ್ಚಿ ಕೋಳಿ ಸಾಕಲು ಹೋದ. ನಮ್ಮಲ್ಲಿ ಸಾಲು ನಿಂತವರು ಜಗಳವಾಡುವುದು ಹಿಂದಿನ ಜಾಗಕ್ಕೆ. “ನೀವು ಮೊದಲು ಹೋಗಿ” “ಛೆ, ದೊಡ್ಡವರು ನೀವು ಹೋಗಿ” ಎಂದು ಇಬ್ಬರು ಗಂಡಸರು ಅಂಗಿ ಹರಿಯುವ ಹಾಗೆ ಹೊಡೆದಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೊರಗಿನಿಂದ ಬಂದಿದ್ದ ಒಬ್ಬ ಶಾಲಾ ತನಿಖಾಧಿಕಾರಿ ಇದನ್ನು ನೋಡಿ, ಎಂಥ ವಿನಯದ ಊರು ಎಂದು ವರದಿ ಬರೆದುಕೊಂಡು ಹೋದರಂತೆ. ಕೊರಳಲ್ಲಿ ಕಾರ್ಡಿಲ್ಲದವರಿಗೆ ಅದು ಗೊತ್ತಾಗುವುದಿಲ್ಲ ಬಿಡಿ.

ಕಾರ್ಡು ಎಂದರೆ ಅಂಗೈಯಗಲದ ತಾಮ್ರದ ತಗಡು. ವಯಸ್ಸಿಗೆ ಬಂದವರಿಗೆಲ್ಲ ಗಾಳಿಬಂಡಿ ಕಂಪನಿಯವರು ಒಂದೊಂದು ಕೊಡುತ್ತಾರೆ, ದಾರ ನಮ್ಮದು. ನೀವು ಕಾದಷ್ಟೂ ಅದು ಕಾಯುತ್ತದೆ. ದರ್ಜಿಗೆ ಕಾಯಿರಿ, ಕಾಗದಕ್ಕೆ ಕಾಯಿರಿ, ಗಂಡನಿಗೆ ಕಾಯಿರಿ, ಅದಕ್ಕೆ ಭೇದವಿಲ್ಲ. ಆದರೆ ಬರಬೇಕಾದದ್ದು ಬರಲಿ ಎಂಬ ಆಸೆ ಮಾತ್ರ ನಿಜವಾಗಿರಬೇಕು. ಸುಮ್ಮನೆ ಜಗಲಿಯ ಮೇಲೆ ಕೂತು ‘ನಾನು ಕಾಯುತ್ತಿದ್ದೇನೆ’ ಎಂದರೆ ತಗಡು ತಣ್ಣಗೇ ಇರುತ್ತದೆ. ಒಲೆಯ ಮೇಲಿಟ್ಟು ಬಿಸಿ ಮಾಡಿಕೊಂಡು ಹೋದವರೂ ಇದ್ದಾರೆ. ಒಲೆಯ ಬಿಸಿ ಬೀದಿ ದಾಟುವುದರೊಳಗೆ ಆರುತ್ತದೆ, ಕಾದ ಬಿಸಿ ಹತ್ತು ವರ್ಷ ಇಟ್ಟರೂ ಆರುವುದಿಲ್ಲ. ಬಟ್ಟೆಯ ಚೀಲದಲ್ಲಿ ಹಾಕಿಕೊಳ್ಳದಿದ್ದರೆ ಎದೆ ಸುಡುತ್ತದೆ. ಕೂಸಿಗೆ ಹೊಟ್ಟೆನೋವೆಂದರೆ ಅಜ್ಜಿಯರು ತಮ್ಮ ಕಾರ್ಡಿನಿಂದ ಕಾವು ಕೊಡುತ್ತಾರೆ.

ಊರಿನ ಮೂರು ಕಡೆ ಪ್ರಪಾತ, ಒಂದು ಕಡೆ ಕೆಸರು. ಹೊರಗೆ ಹೋಗಬೇಕೆಂದರೆ ಪ್ರಪಾತದ ಮೇಲೆ ಹಾರುವ ಗಾಳಿಬಂಡಿಯೇ ಗತಿ. ಅದು ಹೊರಡುವುದು ಮಂಗಳವಾರ ಮತ್ತು ಶನಿವಾರ. ಹತ್ತುವವರು ಕೌಂಟರಿನ ತಟ್ಟೆಯಲ್ಲಿ ಕಾರ್ಡಿಡಬೇಕು. ಗುಮಾಸ್ತರು ಅದರ ಮೇಲೆ ಗೋಲಿಗಾತ್ರದ ಬೆಣ್ಣೆಯುಂಡೆಗಳನ್ನು ಒಂದೊಂದಾಗಿ ಇಡುತ್ತ ಹೋಗುತ್ತಾರೆ. ಕೆಳದಂಡೆ ಎಂಬ ಊರಿಗೆ ಅರವತ್ತು ಉಂಡೆ ಕರಗಬೇಕು. ಕರಗಿದಷ್ಟೂ ಕಾರ್ಡಿನ ಕಾವು ಇಳಿಯುತ್ತದೆ. ಕರಗಿದ ತುಪ್ಪ ಕಂಪನಿಗೆ. ಆ ತುಪ್ಪ ಮಾರಿಯೇ ಕಂಪನಿ ಬದುಕಿದೆ ಎನ್ನುವವರೂ ಇದ್ದಾರೆ, ನನಗೆ ಗೊತ್ತಿಲ್ಲ.

ನನ್ನ ಹೆಸರು ಕೆಂಚಮ್ಮ. ನನ್ನ ಗಂಡ ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಹೇಳಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದವರು. ಆ ಪುಣ್ಯಾತ್ಮರಿಂದಾಗಿ ಮದುವೆಯಾದ ಎರಡೇ ವರ್ಷಕ್ಕೆ ನನ್ನ ಕಾರ್ಡಿನ ಮೇಲೆ ಹಪ್ಪಳ ಸುಡಬಹುದಿತ್ತು. ಅವರು ತೀರಿಕೊಂಡ ಮೇಲೆ, ಐವತ್ತೆಂಟನೇ ವಯಸ್ಸಿಗೆ, ರಾತ್ರಿ ಶಾಲೆ ಸೇರಿದೆ. ಯಾವುದು ಕೊಂಬು ಯಾವುದು ಗುಡಿಸು ಎಂದು ಬೇರೆಬೇರೆಯಾಗಿ ಕಾಣಲಿಕ್ಕೇ ಒಂದು ಮಳೆಗಾಲ ಹಿಡಿಯಿತು. ತಡವಾಗಿ ಓದು ಕಲಿತವರಿಗೆ ಒಂದು ಚಟ ಹತ್ತುತ್ತದೆ. ಕಡಲೆಪುರಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಾರೆ. ಕೌಂಟರಿನ ಪಕ್ಕ ಹುರಿಯಲ್ಲಿ ಒಂದು ನಿಯಮಪುಸ್ತಕ ತೂಗಾಡುತ್ತಿತ್ತು. ಜನ ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಸಾಲಿನಲ್ಲಿ ನಿಂತು ನಿಂತು ಅದರ ಹದಿಮೂರು ಪುಟವನ್ನೂ ಎರಡು ತಿಂಗಳಲ್ಲಿ ಓದಿ ಮುಗಿಸಿದೆ.

ಓದಿದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಕೆಳದಂಡೆಗೆ ಅರವತ್ತು ಉಂಡೆಯಾದರೆ ಅದರಾಚೆಯ ಮೇಲ್ಗುಡ್ಡಕ್ಕೆ ಬರೀ ಮೂವತ್ತು ಎಂದು ನಾಲ್ಕನೇ ಪುಟದಲ್ಲಿತ್ತು. ಮೇಲ್ಗುಡ್ಡಕ್ಕೆ ಯಾರೂ ಹೋಗುವುದಿಲ್ಲವೆಂದು ಕಡಿಮೆ ಮಾಡಿದ್ದರು. ಆ ಬಂಡಿ ಚಹಾಕ್ಕೆಂದು ಕೆಳದಂಡೆಯಲ್ಲಿ ಇಳಿಯುತ್ತದೆ ಎಂದು ಏಳನೇ ಪುಟದಲ್ಲಿತ್ತು. ನಾಲ್ಕನ್ನೂ ಏಳನ್ನೂ ಕೂಡಿಸಿ ನಾನು ಓಣಿಯಲ್ಲಿ ನಾಲ್ಕು ಜನರಿಗೆ ಹೇಳಿದೆ, ಅಷ್ಟೇ. ಮುಂದಿನ ವಾರದಿಂದ ಊರಿಗೆ ಊರೇ ಮೇಲ್ಗುಡ್ಡದ ಟಿಕೆಟ್ಟು ತೆಗೆದು, ಚಹಾ ಕುಡಿಯಲು ಇಳಿದು, ಲೋಟ ಇಟ್ಟು ಅಲ್ಲಿನ ನೆಂಟರ ಮನೆಗೆ ನಡೆಯತೊಡಗಿತು. ಬಂಡಿ ಮೇಲ್ಗುಡ್ಡಕ್ಕೆ ಖಾಲಿ ಹೋಗುತ್ತಿತ್ತು. ಕೌಂಟರಿನ ಗುಮಾಸ್ತರು ವೆಂಕೋಬರಾಯರು. ಇಸ್ತ್ರಿ ಅಂಗಿ, ಕಿವಿಯಲ್ಲಿ ಪೆನ್ಸಿಲು, ಬೆಣ್ಣೆ ಮುಟ್ಟಿ ಮುಟ್ಟಿ ನುಣುಪಾದ ಬೆರಳು. ಅವರು ಮೇಲಿನವರಿಗೆ ಬರೆದು, ಇನ್ನು ಮುಂದೆ ಚಹಾ ಬಂಡಿಯೊಳಗೇ ಎಂದು ಮಾಡಿಸಿದರು. ಗಾಳಿಯಲ್ಲಿ ಚಹಾ ಚೆಲ್ಲಿ ಎಷ್ಟೋ ಪಂಚೆಗಳು ಹಾಳಾದವು. ಅಂದಿನಿಂದ ರಾಯರು ನನ್ನನ್ನು ಕಂಡರೆ ಪುಸ್ತಕದ ಹುರಿ ಎಳೆದು ಮೇಲೆ ಕಟ್ಟುತ್ತಿದ್ದರು.

ಇನ್ನೊಂದು ನನ್ನೊಬ್ಬಳ ಗುಟ್ಟಾಗಿತ್ತು. ಕಂಪನಿಯವರು ನಲವತ್ತು ಸೀಟಿಗೆ ಐವತ್ತು ಟಿಕೆಟ್ಟು ಕೊಡುತ್ತಾರೆ, ಯಾರಾದರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ. ಎಲ್ಲರೂ ಬಂದುಬಿಟ್ಟರೆ ಸೀಟು ಬಿಟ್ಟುಕೊಟ್ಟವರಿಗೆ ಅವರ ಉಂಡೆಗಳಷ್ಟೂ ಕಾವು ವಾಪಸ್ಸು, ಮೇಲೆ ಒಂದು ಉಂಡೆಯಷ್ಟು ಕಾಣಿಕೆ, ಒಂದು ಎಲೆ ಚಿತ್ರಾನ್ನ. ಹಬ್ಬದ ಹಿಂದಿನ ಬಂಡಿಗೆಲ್ಲ ನಾನು ಟಿಕೆಟ್ಟು ತೆಗೆಯುತ್ತಿದ್ದೆ. ಎಲ್ಲರೂ ಬಂದೇ ಬರುತ್ತಿದ್ದರು. ಚಿತ್ರಾನ್ನ ತಿಂದು ಮನೆಗೆ ಬರುತ್ತಿದ್ದೆ. ಹೀಗಾಗಿ ಊರಿನಲ್ಲಿ ಅತಿ ಹೆಚ್ಚು ಟಿಕೆಟ್ಟು ತೆಗೆದವಳೂ ನಾನೇ, ಒಮ್ಮೆಯೂ ಹಾರದವಳೂ ನಾನೇ. “ಯಾವಾಗ ಹೋಗ್ತೀಯ ಕೆಂಚಮ್ಮ?” ಎಂದು ಕೇಳಿದರೆ “ಇನ್ನೊಂಚೂರು ಕಾಯ್ಲಿ” ಎನ್ನುತ್ತಿದ್ದೆ. ಕೈಯಲ್ಲಿ ಅರವತ್ತನಾಲ್ಕು ಉಂಡೆಯ ಕಾವಿತ್ತು. ಎಲ್ಲಿಗೆ ಹೋಗಬೇಕೆಂದು ಮಾತ್ರ ಯೋಚಿಸಿರಲಿಲ್ಲ.

ಆಗ ಜೈತುನ್‌ಬಿಗೆ ಕಾಗದ ಬಂತು.

ಜೈತುನ್‌ಬಿ ನನ್ನ ಪಕ್ಕದ ಮನೆಯವಳು, ಮೆಣಸಿನಕಾಯಿ ಬಜ್ಜಿ ಮಾಡಿ ಮಾರುತ್ತಾಳೆ. ಎಣ್ಣೆ ಕಾಯುವ ತನಕ ಕಾಯದೆ ಬಜ್ಜಿ ಬಿಡುವವಳು. ಅರ್ಧ ಬಜ್ಜಿ ಹಸಿ ಎಂದರೆ “ಹೊಟ್ಟೇಲಿ ಬೇಯುತ್ತೆ ಹೋಗಿ” ಎನ್ನುತ್ತಾಳೆ. ರಾತ್ರಿ ಶಾಲೆಗೆ ನನ್ನ ಜೊತೆ ಬಂದವಳು, ಮೇಷ್ಟ್ರು ‘ಅ’ ಬರೆಯುವಾಗಲೇ “ಮುಂದೆ ಯಾವ್ದು?” ಎಂದು ಕೇಳಿ ಕೇಳಿ ಮೂರನೇ ವಾರಕ್ಕೆ ಬಿಟ್ಟಳು. ಅವಳ ಕಾರ್ಡು ಜೀವಮಾನದಲ್ಲಿ ಬೆಚ್ಚಗಾದದ್ದಿಲ್ಲ. ಬೇಸಿಗೆಯಲ್ಲಿ ಅದನ್ನು ಹಣೆಗೆ ಒತ್ತಿಕೊಂಡು ಮಲಗುತ್ತಿದ್ದಳು.

ಕಾಗದವನ್ನು ನಾನೇ ಓದಿದೆ. ಅವಳ ಮಗಳು ಶಾಹಿದಾ ಕೆಳದಂಡೆಯಲ್ಲಿದ್ದಾಳೆ. ದಿನ ತುಂಬಲು ಇನ್ನು ಇಪ್ಪತ್ತು ದಿನ. ಅತ್ತೆ ಇಲ್ಲದ ಮನೆ. ಹೋದ ಸಲದ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲ, ಸುದ್ದಿ ಜೈತುನ್‌ಗೆ ಮುಟ್ಟಿದ್ದೇ ಹನ್ನೊಂದನೇ ದಿನಕ್ಕೆ. ಈ ಸಲ ಶಾಹಿದಾ ಒಂದೇ ಸಾಲು ಬರೆದಿದ್ದಳು. ‘ಅಮ್ಮಾ, ನೀನು ಬಾಗಿಲಲ್ಲಿ ಇದ್ದರೆ ಸಾಕು.’

ಜೈತುನ್ ಕಾಗದ ಕಿತ್ತುಕೊಂಡು, ಓದಲು ಬಾರದಿದ್ದರೂ ತಿರುಗಿಸಿ ತಿರುಗಿಸಿ ನೋಡಿದಳು. “ಅಕ್ಕಾ, ನಾನು ಕೆಸರಲ್ಲಿ ನಡ್ಕೊಂಡು ಹೋಗ್ತೀನಿ.”

“ಸೊಂಟದ ತನಕ ಹೂತುಕೊಂಡ ಮೇಲೆ ಕಿರುಚ್ತೀಯ. ಎಳೆಯೋಕೆ ನಾನೇ ಬರಬೇಕು. ನಡಿ ಕೌಂಟರಿಗೆ.”

ನನ್ನ ಕಾವಿನ ಮೇಲೆ ಅವಳನ್ನು ಕಳಿಸಿ ಎಂದು ರಾಯರನ್ನು ಕೇಳಿದೆ. ಅವರಿಗೆ ಆ ದಿನವೇ ಹಬ್ಬ. ಪುಸ್ತಕದ ಹುರಿ ಬಿಚ್ಚಿ ಕೆಳಗಿಳಿಸಿ, “ಒಂಬತ್ತನೇ ಪುಟ ಓದಿ ಕೆಂಚಮ್ಮನವರೇ, ನಿಮಗೆ ಓದು ಬರುತ್ತಲ್ಲ” ಎಂದರು. ‘ಯಾರು ಕಾದಿರುವರೋ ಅವರೇ ಹೋಗತಕ್ಕದ್ದು’ ಎಂದಿತ್ತು.

“ನಿಯಮ ಅಂದರೆ ನಿಯಮ. ಆಯಮ್ಮ ಕಾಯಲಿ, ಹೋಗಲಿ. ಬೇಡ ಅಂದವರ್ಯಾರು?”

ಸರಿ, ಕಾಯುವುದನ್ನು ಕಲಿಸೋಣ ಎಂದು ಹೊರಟೆ. ದರ್ಜಿಯ ಸಾಲಿನಲ್ಲಿ ನಿಲ್ಲಿಸಿದೆ. ಎರಡು ನಿಮಿಷಕ್ಕೆ ಒಳಗೆ ನುಗ್ಗಿ, ಅವನನ್ನು ಎಬ್ಬಿಸಿ, ತನ್ನ ರವಿಕೆಯನ್ನೂ ಹೊಲಿದುಕೊಂಡು ಇನ್ನಿಬ್ಬರದ್ದನ್ನೂ ಹೊಲಿದುಕೊಟ್ಟಳು. ಸಾಲಿನವರು ನಮ್ಮ ಕಾವು ಹಾಳಾಯಿತೆಂದು ಬೈದರು. ಅಂಚೆ ಮನೆಯಲ್ಲಿ ಕೂರಿಸಿದೆ. ಚೀಲ ಬಿಚ್ಚಿ, ಅಕ್ಷರ ಬಾರದವಳು, ಕಾಗದಗಳನ್ನೆಲ್ಲ ಬಣ್ಣ ನೋಡಿ ಹಂಚಿಬಿಟ್ಟಳು. ಕೊನೆಗೆ ನಮ್ಮ ಹಿತ್ತಲಲ್ಲಿ ಕೂರಿಸಿ, ಈ ಮೊಗ್ಗು ಅರಳುವ ತನಕ ಏಳಬೇಡ ಎಂದೆ. ನಾನು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಮೊಗ್ಗನ್ನು ಉಗುರಿನಿಂದ ಬಿಡಿಸಿಟ್ಟಿದ್ದಳು.

“ಏನೇ ಇದು?”

“ಅರಳಿದೆ ನೋಡಕ್ಕ.”

ಕಾರ್ಡು ಮುಟ್ಟಿ ನೋಡಿದೆ. ಮೊದಲಿಗಿಂತ ತಣ್ಣಗಾಗಿತ್ತು.

“ನಗಬೇಡ,” ಎಂದಳು. ಕಣ್ಣು ತುಂಬಿತ್ತು. “ಕಾಯೋದು ಅಂದ್ರೆ ಕೈ ಕಟ್ಕೊಂಡು ಕೂರೋದು. ಹೋದ ಸಲ ಹಂಗೆ ಕೂತಿದ್ದಕ್ಕೇ ಮಣ್ಣು ಮಾಡಿದ ಮೇಲೆ ಗೊತ್ತಾಯ್ತು. ಇನ್ನು ನನ್ನ ಕೈಲಾಗಲ್ಲ.”

ನಾನು ನಗಲಿಲ್ಲ. ಉಳಿದದ್ದು ಹನ್ನೆರಡು ದಿನ. ಮಾರನೇ ದಿನ ಕೌಂಟರಿಗೆ ಹೋಗಿ, ರಾಯರು ಊಟಕ್ಕೆದ್ದ ಹೊತ್ತು ನೋಡಿ, ಪುಸ್ತಕವನ್ನು ಮೊದಲಿನಿಂದ ಬೆರಳಿಟ್ಟು ಓದಿದೆ. ಹನ್ನೊಂದನೇ ಪುಟಕ್ಕೆ ಬಂದಾಗ ಬೆರಳು ನಿಂತಿತು. ಅದು ಒಡವೆ ಪೆಟ್ಟಿಗೆ ಸಾಗಿಸುವ ಸಾಹುಕಾರರಿಗಾಗಿ ಎಂದೋ ಬರೆದದ್ದು: ‘ಟಿಕೆಟ್ಟು ಪಡೆದವರ ಬಳಿ ಕಾಯುವ ಪದಾರ್ಥವಿದ್ದಲ್ಲಿ, ಇಳಿಯುವವರೆಗೂ ಅದರ ಪಕ್ಕದಲ್ಲಿ ಒಬ್ಬರು ಇರತಕ್ಕದ್ದು. ಸದರಿಯವರಿಗೆ ಟಿಕೆಟ್ಟು ಬೇಕಿಲ್ಲ, ಸೀಟು ಇರುವುದಿಲ್ಲ.’

ಎರಡು ಸಲ ಓದಿದೆ. ಮನೆಗೆ ಬರುತ್ತ ದಾರಿಯಲ್ಲಿ ಮೂರು ಸೇರು ಹಾಲಿಗೆ ಹೇಳಿ ಬಂದೆ.

ಶನಿವಾರ ಒಂದೇ ಒಂದು ಸೀಟು ಬಿಟ್ಟು ಬಂಡಿ ತುಂಬಿತ್ತು. ಮೂವತ್ತೊಂಬತ್ತು ಜನ ಒಳಗೆ ಕೂತು ಪಟ್ಟಿ ಬಿಗಿದುಕೊಂಡಿದ್ದರು. ಬಂಡಿ ನಡೆಸುವ ಮಾರನಾಯ್ಕ ಗಾಳಿ ನೋಡುತ್ತಿದ್ದ. ನಾನು ಕಾರ್ಡು ಇಟ್ಟೆ. ರಾಯರು ಅರವತ್ತು ಉಂಡೆ ಕರಗಿಸಿ, “ಚಿತ್ರಾನ್ನ ಇವತ್ತು ಮುಗಿದಿದೆ” ಎಂದರು. “ಬೇಡಿ, ಇವತ್ತು ಹೋಗ್ತೀನಿ” ಎಂದೆ. ಉಳಿದ ನಾಲ್ಕು ಉಂಡೆಯ ಕಾವಿನ ಕಾರ್ಡನ್ನು ನೆಲದ ಮೇಲಿಟ್ಟು, ಅದರ ಮೇಲೆ ಹಾಲಿನ ಹಿತ್ತಾಳೆ ಪಾತ್ರೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಹಬೆಯಾಡಿತು. ಅದರ ಪಕ್ಕ ಜೈತುನ್ ಸೌಟು ಹಿಡಿದು ಕುಕ್ಕರುಗಾಲಲ್ಲಿ ಕೂತಳು.

“ಇದೇನು?”

“ಕಾಯುವ ಪದಾರ್ಥ ರಾಯರೇ. ಹನ್ನೊಂದನೇ ಪುಟ.”

ರಾಯರ ಕಿವಿಯ ಪೆನ್ಸಿಲು ಕೆಳಗೆ ಬಿತ್ತು. “ಕಾಯುವ ಅಂದರೆ ಕಾವಲು ಕಾಯುವ ಅಂತ!”

“ಹಾಗಂತ ಬರೆದಿಲ್ಲವಲ್ಲ. ಹಾಲು ಕಾಯ್ತಾ ಇದೆಯೋ ಇಲ್ಲವೋ, ಬೆರಳಿಟ್ಟು ನೋಡಿ.”

“ನಿಮ್ಮ ಹಾಲು ನೀವೇ ನೋಡಿಕೊಳ್ಳಿ.”

“ಹನ್ನೆರಡನೇ ಪುಟ. ಸೀಟು ಪಡೆದವರು ಇಳಿಯುವವರೆಗೂ ಏಳತಕ್ಕದ್ದಲ್ಲ. ನಾನು ನಿಯಮ ಮುರಿಯಲಾ?”

ಮುಂದಿನ ಬಂಡಿಯ ಟಿಕೆಟ್ಟಿಗೆ ನಿಂತಿದ್ದ ಸಾಲಿನ ಕೊನೆಯಿಂದ ಹೆಂಗಸೊಬ್ಬಳು ಕೂಗಿದಳು. “ಹಾಲು ಒಲೆ ಮೇಲಿದ್ದಾಗ ಬಿಟ್ಟು ಹೋಗೋದುಂಟಾ ರಾಯರೇ? ನಿಮ್ಮನೆಯವರು ಹೋಗ್ತಾರಾ?”

“ನಮ್ಮನೆಯವರ ಸುದ್ದಿ ಬೇಡ!”

“ಹೋಗ್ತಾರೆ, ಅದಕ್ಕೇ ರಾಯರಿಗೆ ದಿನಾ ಸೀದ ಹಾಲಿನ ಕಾಫಿ,” ಎಂದ ಇನ್ನೊಬ್ಬ. ನಗು ಎದ್ದಿತು. ಮಜಾ ನೋಡುತ್ತಿದ್ದ ಸಾಲಿನವರ ಕಾರ್ಡುಗಳು ಬಿಸಿಯಾಗಲಿಲ್ಲ, ಮಜಾ ನೋಡುವವರಿಗೆ ಅದು ಆಗುವುದೂ ಇಲ್ಲ. ಬಂಡಿಯೊಳಗೆ ಪಟ್ಟಿ ಬಿಗಿದು ಕೂತವರ ಕಥೆ ಬೇರೆ. ಅವರಿಗೆ ನಿಜವಾಗಿ ಹೋಗಬೇಕಿತ್ತು. ನಾನು ಪುಸ್ತಕ ತೆಗೆದು, ಒಂದನೇ ಪುಟದಿಂದ ನಿಧಾನವಾಗಿ, ರಾತ್ರಿ ಶಾಲೆಯಲ್ಲಿ ಕಲಿಸಿದ ಹಾಗೆ, ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದೆ. ಮೂರನೇ ಪುಟಕ್ಕೆ ಮಾರನಾಯ್ಕ ತಲೆ ಹೊರಗೆ ಹಾಕಿದ.

“ರಾಯರೇ, ಒಳಗೆ ಒಲೆ ಆಗೋಗಿದೆ! ಮೂವತ್ತೊಂಬತ್ತು ಕಾರ್ಡೂ ಕಾಯ್ತಾ ಇವೆ. ಇನ್ನರ್ಧ ಗಂಟೆ ಹಿಂಗೇ ಇದ್ರೆ ಎಲ್ರಿಗೂ ವಾಪಸ್ ಬರೋ ಟಿಕೆಟ್ಟು ಪುಕ್ಕಟೆ. ಬೆಣ್ಣೆ ನಿಮ್ಮಪ್ಪನ ಮನೆಯಿಂದ ತರ್ತೀರಾ?”

ರಾಯರು ಬಂಡಿ ನೋಡಿದರು, ಬೆಣ್ಣೆಯ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ನಾನು ನಾಲ್ಕನೇ ಪುಟ ತಿರುವಿದೆ.

“ಹೋಗಿ, ಹೋಗಿ!” ಎಂದರು. ತಕ್ಷಣ ಬೆರಳೆತ್ತಿದರು. “ಆದರೆ ಕೇಳು ಮಾರನಾಯ್ಕ. ಇಳಿಯುವವರೆಗೂ ಅಂತ ಬರೆದಿದೆ. ಕೆಳದಂಡೆ ಮುಟ್ಟುವ ತನಕ ಆ ಹಾಲು ಕಾಯುತ್ತಲೇ ಇರಬೇಕು. ಆರಿತೋ, ಆಯಮ್ಮ ಟಿಕೆಟ್ಟಿಲ್ಲದವಳು. ಇಳಿಸಕೂಡದು, ಹಾಗೇ ವಾಪಸ್ ತರಬೇಕು.”

ನಾನು ಮೊದಲ ಸಲ ಹಾರಿದ್ದು ಹೀಗೆ. ಕಿಟಕಿಯಿಂದ ನೋಡಿದರೆ, ನಾನು ನಲವತ್ತು ವರ್ಷ ನಿಂತ ಸಾಲುಗಳೆಲ್ಲ ಸೇರಿ ಒಂದು ಹಪ್ಪಳದಷ್ಟು ಜಾಗ. ಅಷ್ಟಕ್ಕೆ ಇಷ್ಟೊಂದು ಚಿತ್ರಾನ್ನ ತಿಂದೆನಲ್ಲ ಎನಿಸಿತು. ಕೆಳದಂಡೆಗೆ ಮೂರು ಗಂಟೆಯ ದಾರಿ. ಮಾರನಾಯ್ಕ ನಡುನಡುವೆ ಬಂದು ಹಾಲಿಗೆ ಬೆರಳದ್ದಿ ನೋಡುತ್ತಿದ್ದ. ಮೊದಲ ಸಲ “ಹಾ, ಸುಡ್ತು” ಎಂದ. ಎರಡನೇ ಸಲ ಬೆರಳು ಪಂಚೆಗೆ ಒರೆಸಿಕೊಂಡು ಹೋದ. ಎರಡು ಗಂಟೆ ದಾಟಿದ ಮೇಲೆ ಬಂದವನು ಬೆರಳನ್ನು ಸ್ವಲ್ಪ ಹೊತ್ತು ಹಾಲಿನಲ್ಲೇ ಇಟ್ಟುಕೊಂಡ.

“ಅಮ್ಮಾ, ಇದು ಬೆಚ್ಚಗಿದೆ ಅಷ್ಟೇ. ಇಳಿಯೋಕೆ ಮುಂಚೆ ಇನ್ನೊಂದು ಸಲ ನೋಡ್ತೀನಿ. ನನ್ನ ಕೈಲಿ ಏನೂ ಇಲ್ಲ, ಹೊಟ್ಟೆಪಾಡು.”

ನನ್ನ ನಾಲ್ಕು ಉಂಡೆ ಮುಗಿದಿತ್ತು. ಜೈತುನ್ ಪಾತ್ರೆಗೆ ಸೆರಗು ಸುತ್ತಿದಳು, ಊದಿದಳು, ಅಂಗೈಯಿಂದ ತಿಕ್ಕಿದಳು. “ಏನಾದ್ರೂ ಕೆಲಸ ಹೇಳಕ್ಕ. ಬಂಡೀನ ಹಿಂದಿನಿಂದ ತಳ್ಳೋಕೆ ಬರುತ್ತಾ?”

“ಇದು ಗಾಳಿ ಕಣೇ. ನೀನು ಓಡಿದ್ರೂ ಅಷ್ಟೇ, ಕೂತ್ರೂ ಅಷ್ಟೇ. ಅದು ಬರೋವಾಗ ಬರುತ್ತೆ.”

“ಮತ್ತೆ ನಾನೇನು ಮಾಡ್ಲಿ?”

“ಏನೂ ಇಲ್ಲ.”

ಅವಳು ಸೌಟು ಕೆಳಗಿಟ್ಟಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ಸಲ ಎತ್ತಿ, ಕೊನೆಗೆ ಮಡಿಲಲ್ಲಿಟ್ಟುಕೊಂಡಳು. ಮೂವತ್ತು ವರ್ಷದಿಂದ ಅವಳ ಪಕ್ಕದ ಮನೆಯಲ್ಲಿದ್ದೇನೆ, ಆ ಕೈಗಳು ಸುಮ್ಮನಿದ್ದದ್ದನ್ನು ಅಂದೇ ನೋಡಿದ್ದು. ಕಿಟಕಿಯಾಚೆ ಎಲ್ಲೋ ಕೆಳದಂಡೆಯ ಕಡೆ ನೋಡುತ್ತ, ತುಟಿ ಮಾತ್ರ ಅಲುಗಾಡಿಸುತ್ತ ಕೂತಳು. ಬೆಟ್ಟ ಒಂದು ಹೋಯಿತು, ಎರಡು ಹೋಯಿತು.

“ಅಕ್ಕಾ,” ಎಂದಳು ಇದ್ದಕ್ಕಿದ್ದಂತೆ, “ಎದೆ ಸುಡ್ತಾ ಇದೆ.”

“ಗ್ಯಾಸು. ಬಜ್ಜಿ ತಿಂದಿದ್ದೀಯ.”

“ಅಲ್ಲಕ್ಕ, ಸುಡ್ತಾ ಇದೆ!”

ಬಟ್ಟೆಯ ಚೀಲದ ಅಗತ್ಯವೇ ಬಿದ್ದಿರದ ಅವಳ ಕಾರ್ಡು ಬರೀ ಮೈಮೇಲಿತ್ತು. ದಾರ ಹಿಡಿದು ಎಳೆದರೆ ತಗಡು ದಾಸವಾಳದ ಹಾಗೆ ಕೆಂಪಗಿದೆ. ಸೀಟಿನಿಂದ ಏಳುವ ಹಾಗಿಲ್ಲವಲ್ಲ, ಕಾಲಿನಿಂದಲೇ ಪಾತ್ರೆಯನ್ನು ಓರೆ ಮಾಡಿದೆ, ಅವಳು ಕಾರ್ಡನ್ನು ಅಡಿಗೆ ತಳ್ಳಿದಳು. ಮಾರನಾಯ್ಕ ಕೊನೆಯ ಸಲ ಬಂದು ಬೆರಳು ನೀಡಿದ. ಹಾಲು ಅವನ ಬೆರಳಿಗೆ ಕಾಯಲಿಲ್ಲ. ತಾನೇ ಎದ್ದು ಬಂದು, ಪಾತ್ರೆಯ ಅಂಚು ದಾಟಿ, ಬಂಡಿಯ ನೆಲದ ತುಂಬ ಉಕ್ಕಿತು. ಅವನ ಎರಡೂ ಪಾದ ತೋಯ್ದವು. ಅವನು ಕುಣಿಯುತ್ತಲೇ ಕೈ ಮುಗಿದ.

“ಹಾಲು ಉಕ್ಕಿತು, ಒಳ್ಳೇದಾಗ್ಲಿ. ಇಳೀರಮ್ಮ, ಇಳೀರಿ.”

ಅದಾದ ಆರನೇ ದಿನ ಶಾಹಿದಾಳಿಗೆ ನೋವು ಬಂತು. ಸೂಲಗಿತ್ತಿ ಒಳಗೆ ಯಾರನ್ನೂ ಬಿಡಲಿಲ್ಲ. ಬೆಳಗಿನಿಂದ ಸಂಜೆಯ ತನಕ, ಹನ್ನೊಂದು ಗಂಟೆ, ಜೈತುನ್ ಬಾಗಿಲಲ್ಲಿ ಕೂತಿದ್ದಳು. ಎದ್ದು ಹೋಗಲಿಲ್ಲ, ಬಾಗಿಲು ಬಡಿಯಲಿಲ್ಲ, ಯಾರಿಗೂ ಬುದ್ಧಿ ಹೇಳಲಿಲ್ಲ. ಕಾರ್ಡನ್ನು ಕೊರಳಲ್ಲಿ ಇಟ್ಟುಕೊಳ್ಳಲಾಗದೆ ತೆಗೆದು ಕಲ್ಲಿನ ಮೇಲಿಟ್ಟೆವು, ಕಲ್ಲು ಕಪ್ಪಗಾಯಿತು. ಕೂಸು ಅತ್ತಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೆಣ್ಣು. ಕೋಪಿಷ್ಠೆ, ಹೊಟ್ಟೆಗೆ ಒಂದು ಗಳಿಗೆ ತಡವಾದರೆ ಮನೆ ಹಾರಿಸುತ್ತಾಳೆ. ಯಾರ ಹಾಗೆ ಎಂದು ನಾನು ಹೇಳಬೇಕಾಗಿಲ್ಲ.

ಬಾಣಂತಿಯ ನೀರು, ಕೂಸಿನ ನೀರು, ನಲವತ್ತು ದಿನ ಸೌದೆ ಒಟ್ಟದೆ ಆ ಕಾರ್ಡಿನ ಮೇಲೆಯೇ ಕಾಯಿಸಿದೆವು. ಆದರೂ ಅದರಲ್ಲಿ ಅರವತ್ತು ಉಂಡೆ ಉಳಿದಿದೆ. ಜೈತುನ್‌ಬಿಗೆ ಈಗ ಸೊಗಸಾಗಿ ಒಂದು ವಾಪಸ್ ಟಿಕೆಟ್ಟು ಆಗುತ್ತದೆ. ನನ್ನ ಕಾರ್ಡು ಮಾತ್ರ ಹಳೇ ತಗಡು. ಇಲ್ಲಿ ನಾನು ಯಾವುದಕ್ಕೂ ಕಾಯಲಿಲ್ಲ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

“ನೀನಿಲ್ಲದೆ ನಾನು ಹತ್ತಲ್ಲ,” ಎಂದು ಜೈತುನ್ ಹಟ ಹಿಡಿದಳು. “ಮತ್ತೆ ಹಾಲಿಗೆ ಹೇಳಿ ಬರ್ತೀನಿ.”

ಹಾಲು ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ರಾಯರು ಮೇಲಿನವರಿಗೆ ಬರೆದು, ಪುಸ್ತಕ ತಿದ್ದಿ ಹೊಸದಾಗಿ ಅಚ್ಚು ಹಾಕಿಸಿದ್ದಾರೆ. ಅದು ಈ ವಾರ ಕೆಳದಂಡೆಯ ಕೌಂಟರಿಗೂ ಬಂದು ಹುರಿಯಲ್ಲಿ ತೂಗುತ್ತಿದೆ, ಇನ್ನೂ ಮಸಿಯ ವಾಸನೆ. ಇವತ್ತು ಬೆಳಿಗ್ಗೆ ಹೋಗಿ ಹನ್ನೊಂದನೇ ಪುಟ ತೆಗೆದೆ. ‘ಕಾಯುವ ಪದಾರ್ಥ’ ಹೋಗಿದೆ. ಅದರ ಜಾಗದಲ್ಲಿ ‘ಕಾವಲು ಬೇಕಾದ ಪದಾರ್ಥ’ ಎಂದು ಬರೆಸಲು ಹೊರಟಿದ್ದಾರೆ ಪಾಪ. ಅಚ್ಚಿನವನು ‘ಲ’ಕಾರಕ್ಕೆ ಕೊಂಬು ಕೊಡುವ ಬದಲು ಗುಡಿಸು ಕೊಟ್ಟಿದ್ದಾನೆ. ನಾನು ಒಂದು ಮಳೆಗಾಲ ಸುಮ್ಮನೆ ಕಲಿತೆನೇ? ಬೆರಳಿಟ್ಟು ಮೂರು ಸಲ ಓದಿದೆ. ‘ಟಿಕೆಟ್ಟು ಪಡೆದವರ ಬಳಿ ಕಾವಲಿ ಬೇಕಾದ ಪದಾರ್ಥವಿದ್ದಲ್ಲಿ, ಇಳಿಯುವವರೆಗೂ ಅದರ ಪಕ್ಕದಲ್ಲಿ ಒಬ್ಬರು ಇರತಕ್ಕದ್ದು.’

ಬರುವಾಗ ಪಕ್ಕದ ಮನೆಯ ಕಬ್ಬಿಣದ ಕಾವಲಿ ಕೇಳಿ ತಂದೆ. ಇವತ್ತು ಶುಕ್ರವಾರ, ಬಂಡಿ ನಾಳೆ. ನೆನೆಸಿದ ಅಕ್ಕಿ ಉದ್ದನ್ನು ಜೈತುನ್ ಒರಳಿಗೆ ಹಾಕಿ ಆಗಲೇ ರುಬ್ಬುತ್ತಿದ್ದಾಳೆ, ಇನ್ನೂ ನೆನೆದಿಲ್ಲ ಎಂದರೆ ಕೇಳುವುದಿಲ್ಲ. ಈ ಸಲ ಸೀಟಿನಲ್ಲಿ ಅವಳು, ನೆಲದ ಮೇಲೆ ನಾನು. ಹಿಟ್ಟು ಹುಳಿ ಬರುವ ತನಕ ಯಾರಾದರೂ ಕಾಯಬೇಕು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಮೊದಲನೇ ದೋಸೆ ಯಾವಾಗಲೂ ಕಾವಲಿಗೆ ಅಂಟಿ ಚಿಂದಿಯಾಗುತ್ತದೆ. ಅದನ್ನು ಎಲೆಯಲ್ಲಿ ಕಟ್ಟಿ ರಾಯರಿಗೆಂದು ಎತ್ತಿಡುತ್ತೇನೆ.